ಸೆಂಗಾ ತೊಳೆದ ಮೆಟ್ಟಿಲು

ಪೇಸ್ಲಿ ಊರಿನ ಕೋರ್ಟಿನೆದುರು ಬಸ್ಸಿಗೆ ಕಾಯುತ್ತಿದ್ದ ಐಲ್ಸಾಳ ಕಿವಿಗೆ, ಮುಂದೆ ನಿಂತಿದ್ದ ಇಬ್ಬರು ಮುದುಕಿಯರ ಮಾತು ಬಿತ್ತು.

"ಅಂಚೆಯವನು ನಿನ್ನ ಮೇಲೆ ಹಾಕಿದ್ದ ಕೇಸು ಏನಾಯ್ತೇ ಸೆಂಗಾ?"

"ಸೋತೆ ಕಣೇ ನೆಟ್ಟಾ!" ಸೆಂಗಾ ಎದೆಯುಬ್ಬಿಸಿ ಹೇಳಿದಳು.

"ಸೋತಿದ್ದಕ್ಕೆ ಇಷ್ಟು ಜಂಬವೇನೇ?"

"ಅಂಚೆಯವನು ಜಾರಿಬಿದ್ದಿದ್ದು ನಾನು ತೊಳೆದ ಮೆಟ್ಟಿಲ ಮೇಲೆ ತಾನೆ?"

"ಆ ಚಳೀಲಿ ಯಾರಾದ್ರೂ ನೀರು ಹಾಕ್ತಾರಾ? ಹೆಪ್ಪುಗಟ್ಟಲ್ವಾ?"

"ಕಟ್ಟಡದ ಮೆಟ್ಟಿಲು ತೊಳೆಯೋಕೆ ಈ ವಾರ ನಿನ್ನ ಸರದಿ ಅಂತ ನನ್ನ ಬಾಗಿಲಿಗೆ ಚೀಟಿ ನೇತುಹಾಕಿದ್ರು. ತೊಳೀದೆ ಬಿಟ್ರೆ ಮೇಲಿನ ಮನೆಯವಳು ಆಡ್ಕೊಳ್ಳಲ್ವಾ?"

"ಸರಿ, ನಿನ್ನ ವಕೀಲ ಏನಂದ?"

"ಅಂಚೆಯವನು ಈ ಕಟ್ಟಡದವನಲ್ಲ, ಅವನ ಹೊಣೆ ಈಯಮ್ಮಂದಲ್ಲ ಅಂದ. ಮೈಯೆಲ್ಲ ಉರಿದುಹೋಯ್ತು. ನನ್ನ ಮೆಟ್ಟಿಲು ಹತ್ತೋರೆಲ್ಲ ನನ್ನ ಹೊಣೇನೇ ಸ್ವಾಮಿ, ಇಲ್ದಿದ್ರೆ ಇಷ್ಟು ವರ್ಷ ಮಂಡಿಯೂರಿ ಯಾರಿಗೋಸ್ಕರ ಉಜ್ಜಿದೆ ಅಂತ ಕೇಳೇಬಿಟ್ಟೆ."

"ಜಡ್ಜು?"

"ಕಾನೂನೂ ನೀವಂದಿದ್ದನ್ನೇ ಹೇಳೋದು ಅಂದ್ರು ಕಣೇ!"

ಬಸ್ಸು ಬಂತು. ಕೋರ್ಟಿನ ಕಡೆಯಿಂದ ಊರುಗೋಲು ಹಿಡಿದವನೊಬ್ಬ ಕುಂಟುತ್ತ ಬಂದ. ಸೆಂಗಾ ಸಾಲು ಬಿಟ್ಟು ಹೋಗಿ ಅವನ ತೋಳು ಹಿಡಿದಳು.

"ಮೆಲ್ಲಗೆ ಮಗಾ, ಒದ್ದೆಯಿದೆ. ಮತ್ತೆ ಕಾಗದ ಕೊಡೋಕೆ ಯಾವಾಗ ಬರ್ತೀಯ?"

"ನಿಮ್ಮ ಸರದಿ ಇಲ್ಲದ ವಾರ ಬರ್ತೀನಿ ಅಜ್ಜಿ," ಎಂದು ಅವನು ಅವಳ ಕೈ ಬಿಡದೆ ಬಸ್ಸು ಹತ್ತಿದ.