ಸದ್ದಿಲ್ಲದ ಸೇನಾಪತಿ

ಬೆಳಿಗ್ಗೆ ಮಗನ ಯೂನಿಫಾರ್ಮ್ ಒಣಹಾಕುತ್ತಿದ್ದವಳು ಪಕ್ಕದ ಬಾಲ್ಕನಿಯ ಮಾತು ಕೇಳಿ ಕೈ ನಿಲ್ಲಿಸಿದೆ. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಕ್ಲಿಫರ್ಡ್, ಮಗಳು ಜಾನಿಸಳನ್ನು ಕೆಣಕುತ್ತಿದ್ದ.

“ನಿನ್ನ ಕೋಟೆ-ಕಾಳಗದ ಸೀರಿಯಲ್ ಸಿನಿಮಾ ಆಗಿ ಬಂದಿದೆಯಲ್ಲ! ಇವತ್ತು ಮಮ್ಮಿ ಜೊತೆ ಹೋಗ್ತೀಯಂತೆ?”

“ಹೂಂ,” ಅವಳದು ಪಿಸುದನಿ.

“ಆ ಸೇನಾಪತಿಯ ಸ್ವರ ಹೇಗುಂಟು ಮಾರಾಯ್ತಿ?”

“ಗೊತ್ತಿಲ್ಲ. ಹಗಲು ನೀವು ಮಲಗಿರ್ತೀರಲ್ಲ, ಮಮ್ಮಿ ಟಿವಿ ಸೌಂಡ್ ಬಂದ್ ಮಾಡ್ತಾರೆ.”

“ಮತ್ತೆ ಕತೆ ಹೇಗೆ ಗೊತ್ತಾಗುವುದು?”

“ಅವನ ಮಾತೆಲ್ಲ ನಾನೇ ಹೇಳುವುದು. ಮೆಲ್ಲ.”

“ಓಹೋ! ಇವತ್ತು ಅವನು ಬೇರೆ ಏನಾದರೂ ಹೇಳಿದ್ರೆ?”

“ತಪ್ಪು ಅವನದ್ದೇ.”

ಕ್ಲಿಫರ್ಡ್ ನಗುತ್ತಲೇ ಆಕಳಿಸಿದ. “ಆಯ್ತು, ನಾನು ಮಲಗ್ತೇನೆ.”

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚುವ ಮೊದಲು, ಆ ಮನೆಯಿಂದ ಹಗಲಿನಲ್ಲಿ ನಾನೆಂದೂ ಕೇಳದಷ್ಟು ಗಟ್ಟಿಯಾದ ದನಿ ಕೇಳಿತು:

“ಪಪ್ಪಾ, ನೀವೂ ಬರ್ತೀರಾ?”