ಮಹಾಂತಪ್ಪನವರ ಕೈ ಸರಿಯಿತ್ತು

ಸಭೆಗೆ ನಮಸ್ಕಾರ. ನೀಲಗಂಗಾ ಅವರೇ, ಅಟ್ಲಾಂಟಾದಿಂದ ಬಂದಿರುವ ಮಗಳು ಸ್ಮಿತಾ, ರಾಲಿಯಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಿರುವ ಬಂಧುಗಳೇ, ನಮ್ಮ ಲ್ಯಾಬಿನ ಗೆಳೆಯರೇ —

ನನ್ನ ಹೆಸರು ರಾಜಲಕ್ಷ್ಮಿ. ಲಿಂಗೈಕ್ಯ ಮಹಾಂತಪ್ಪನವರು ಕೆಲಸ ಮಾಡುತ್ತಿದ್ದ ಗೈದರ್ಸ್‌ಬರ್ಗಿನ ಲ್ಯಾಬಿನಲ್ಲಿ ನಾನು ಲೈಬ್ರೇರಿಯನ್. ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಮೇಜಿನ ಮೇಲೆ ಮಧ್ಯಾಹ್ನದ ಡಬ್ಬಿ ಬಿಚ್ಚಿದವರು. ಅವರದರಲ್ಲಿ ರೊಟ್ಟಿ, ನನ್ನದರಲ್ಲಿ ಮೊಸರನ್ನ. ಗದಗಿನ ಕಡೆ ಶಾಲೆಯ ಮೇಡಂಗಳನ್ನು ಕರೆಯುವ ಹಾಗೆ ಅವರು ನನ್ನನ್ನು ‘ಬಾಯಾರ’ ಎಂದೇ ಕರೆಯುತ್ತಿದ್ದರು.

ಇಂಥ ಸಭೆಯಲ್ಲಿ ಮಾತನಾಡುವವರು ದುಃಖದಿಂದ ಶುರು ಮಾಡುತ್ತಾರೆ. ದುಃಖವಿದೆ. ಆದರೆ ನಿಮ್ಮ ಮುಂದೆ ಸುಳ್ಳು ಹೇಳಲಾರೆ — ಅದಕ್ಕಿಂತ ಹೆಚ್ಚಾಗಿ ನನ್ನೊಳಗೆ ಇರುವುದು ಒಂದು ನಿರಾಳ. ಯಾಕೆಂದು ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ. ಕೇಳಿದ ಮೇಲೆ ನಿಮ್ಮಲ್ಲಿ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬರಲಿ.

ಅವರ ಫೋಟೋದ ಪಕ್ಕದಲ್ಲಿ, ಆ ಅಡುಗೆಮನೆಯ ಟವೆಲ್ಲಿನ ಮೇಲೆ ಒಂದು ಎಂಜಿನ್ ಇಟ್ಟಿದ್ದೇವೆ. ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಆಮೇಲೆ ಹತ್ತಿರ ಬಂದು ನೋಡಿ. ಊಟದ ತಟ್ಟೆಯಷ್ಟು ಅಗಲ. ಮೊದಲ ಮಹಾಯುದ್ಧದ ಕಾಲದ ಒಂದು ಫ್ರೆಂಚ್ ವಿಮಾನದ ಎಂಜಿನ್ನು — ಅದರ ಕಾಲುಭಾಗದ ಅಳತೆಯಲ್ಲಿ. ಒಂಬತ್ತು ಸಿಲಿಂಡರ್. ಒಂದು ಸ್ಕ್ರೂವನ್ನೂ ಕೊಂಡು ತಂದದ್ದಲ್ಲ. ಏಳು ವರ್ಷ, ತಮ್ಮ ಗ್ಯಾರೇಜಿನಲ್ಲಿ, ಒಂದು ಹಳೆಯ ಲೇತಿನ ಮೇಲೆ ಕಡೆದು ಮಾಡಿದ್ದು. ಟವೆಲ್ ಯಾಕೆಂದರೆ — ಅದು ಇನ್ನೂ ಎಣ್ಣೆ ಕಾರುತ್ತಿದೆ.

ಈ ಎಂಜಿನ್ನಿನ ವಿಚಿತ್ರ ಏನೆಂದರೆ, ಒಳಗಿನ ದಂಡ ಸುಮ್ಮನಿರುತ್ತದೆ. ಒಂಬತ್ತೂ ಸಿಲಿಂಡರುಗಳ ಸಮೇತ ಎಂಜಿನ್ನೇ ಪ್ರೊಪೆಲರಿನ ಜೊತೆ ಗಿರಗಿರ ತಿರುಗುತ್ತದೆ. ನನಗೆ ಅರ್ಥವಾಗಲಿಲ್ಲ ಎಂದಾಗ ಅವರು ಹೇಳಿದ್ದು ಇಷ್ಟೇ — “ಮದುಮಗ ಕುಂತಾನ ಬಾಯಾರ, ಬೀಗರೆಲ್ಲಾ ತಿರಗ್ಯಾಡಾಕ ಹತ್ಯಾರ.”

ಅದಕ್ಕೆ ಹಾಕಬೇಕಾದದ್ದು ಹರಳೆಣ್ಣೆ. ಆ ಕಾಲದ ವಿಮಾನಗಳಿಗೂ ಅದನ್ನೇ ಹಾಕುತ್ತಿದ್ದರಂತೆ. ಅವರು ಫಾರ್ಮಸಿಗೆ ಹೋಗಿ ಒಂದೇ ಸಲಕ್ಕೆ ಹನ್ನೆರಡು ಬಾಟಲಿ ತೆಗೆದುಕೊಂಡರೆ, ಕೌಂಟರಿನ ಹುಡುಗಿ ಕನಿಕರದಿಂದ ನೋಡಿ, ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದಳಂತೆ. ಮನೆಯಲ್ಲಿ ನೀಲಗಂಗಾ ಅವರದು ಬೇರೆಯೇ ದೂರು. “ಮನಿ ತುಂಬ ಔಡಲೆಣ್ಣಿ ವಾಸನಿ. ಬಾಣಂತಿ ಕೋಣಿ ಆಗೇತಿ ನೋಡ್ರಿ. ಕೂಸು ಒಂದ ಕಾಣವಲ್ದು.”

ನಗಬಹುದು. ಅವರೂ ನಗುತ್ತಿದ್ದರು.

ಈಗ ನಿಮಗೆಲ್ಲ ಗೊತ್ತಿರುವ ಒಂದು ವಿಷಯ. ತೊಂಬತ್ತನಾಲ್ಕನೆಯ ಇಸವಿಯಲ್ಲಿ ಅವರ ಬಲಗೈ ನಡುಗಲು ಶುರುವಾಯಿತು. ಅದೇ ವರ್ಷ ಎಂಜಿನ್ನಿನ ಜೋಡಣೆ ಮುಗಿಯಿತು, ಮತ್ತು ಅದು ಓಡಲಿಲ್ಲ. ಕೆಮ್ಮುತ್ತಿತ್ತು, ಹೊಗೆ ಬಿಡುತ್ತಿತ್ತು, ನಿಲ್ಲುತ್ತಿತ್ತು. ಮರುವರ್ಷ ಜೂನಿನಲ್ಲಿ ಮಹಾಂತಪ್ಪನವರು ಕೆಲಸ ಬಿಟ್ಟರು. ಯಾರೂ ಬಿಡು ಎಂದಿರಲಿಲ್ಲ. ಕೂದಲೆಳೆಯ ಹತ್ತರಲ್ಲೊಂದು ಭಾಗದಷ್ಟು ನಿಖರವಾಗಿ ಅಳತೆಯ ಉಪಕರಣಗಳನ್ನು ಮಾಡುತ್ತಿದ್ದ ಮನುಷ್ಯ, ತಾವೇ ಮೇಲಧಿಕಾರಿಯ ಕೋಣೆಗೆ ಹೋಗಿ, ನನ್ನ ಕೈಯನ್ನು ನಾನೇ ನಂಬಲಾರೆ ಎಂದು ಹೇಳಿ ಬಂದರು. ನಾವೆಲ್ಲ ಏನೆಂದೆವು? ಪಾಪ, ಮಹಾಂತಪ್ಪನವರ ಕೈ ಹೋಯಿತು ಎಂದೆವು. ಇದೇ ಸಭಾಂಗಣದಲ್ಲಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ಅಂದೆವು. ಆಗ ಅವರು ಅಲ್ಲಿ — ಆ ಬಾಗಿಲ ಹತ್ತಿರ — ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದರು. ನೆನಪಿದೆಯಲ್ಲ?

ಸ್ಮಿತಾ ಡಾಕ್ಟರು. ಅಪ್ಪನಿಗೆ ಫೋನಿನಲ್ಲಿ ನೂರು ಸಲ ಹೇಳಿದ್ದಳು — ಈ ನಡುಕ ಕೈ ಸುಮ್ಮನಿದ್ದಾಗ ಮಾತ್ರ ಬರುವುದು, ಕೆಲಸಕ್ಕೆ ಇಳಿದರೆ ನಿಲ್ಲುತ್ತದೆ ಎಂದು. ಅವರು ನಂಬಲಿಲ್ಲ. ಅವರ ಬಳಿ ಸಾಕ್ಷಿ ಇತ್ತು. ಓಡದ ಎಂಜಿನ್ನು.

ಆ ಸಾಕ್ಷಿ ಸುಳ್ಳು. ಆ ಸುಳ್ಳು ಸಾಕ್ಷಿಯನ್ನು ಹುಟ್ಟಿಸಿದವಳು ನಾನು.

ಹೇಳುತ್ತೇನೆ.

ಎಂಜಿನ್ನಿನ ಮೂಲ ನಕ್ಷೆಗಳು ಒಂದು ಹಳೆಯ ಮೈಕ್ರೋಫಿಲ್ಮಿನಲ್ಲಿದ್ದವು. ಬೇರೊಂದು ಲೈಬ್ರರಿಯಿಂದ ಅದನ್ನು ತರಿಸಿ, ಒಂದೊಂದೇ ಹಾಳೆಯನ್ನು ಯಂತ್ರಕ್ಕೆ ಹಾಕಿ ಪ್ರಿಂಟ್ ತೆಗೆದುಕೊಟ್ಟವಳು ನಾನು. ಫಿಲ್ಮನ್ನು ಮಗುಚಿ ಹಾಕಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರುತ್ತದೆ. ಅಕ್ಷರವಿದ್ದರೆ ತಕ್ಷಣ ಗೊತ್ತಾಗುತ್ತದೆ. ಆದರೆ ಒಂದು ಹಾಳೆಯಲ್ಲಿ ಅಕ್ಷರವೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಅಂಕಿಗಳೆಲ್ಲ ಮುಂದಿನ ಹಾಳೆಯ ಪಟ್ಟಿಯಲ್ಲಿದ್ದವು. ಅದು ಕ್ಯಾಮ್ ಎನ್ನುವ ಭಾಗದ ನಕ್ಷೆ — ಸಿಲಿಂಡರಿನ ಬಾಯಿಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ, ಅಂಚಿನಲ್ಲಿ ಉಬ್ಬುತಗ್ಗುಗಳಿರುವ ಉಕ್ಕಿನ ಬಳೆ. ಬರೀ ಗೆರೆಗಳು, ಮತ್ತು ತಿರುಗುವ ದಿಕ್ಕು ತೋರಿಸುವ ಒಂದು ಬಾಣ.

ಆ ದಿನ ಒಂದು ಸಲ ಫಿಲ್ಮು ಮಗುಚಿ ಹೋಗಿ, ನನ್ನ ಕೈಯಲ್ಲಿ ಆ ಹಾಳೆಯ ಎರಡು ಪ್ರಿಂಟ್ ಇದ್ದವು. ಒಂದರಲ್ಲಿ ಬಾಣ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಫಿಲ್ಮನ್ನು ಮತ್ತೊಮ್ಮೆ ನೋಡಬೇಕಿತ್ತು. ಐದು ನಿಮಿಷದ ಕೆಲಸ. ನಾನು ನೋಡಲಿಲ್ಲ. ಬಲಕ್ಕೆ ತಿರುಗುವುದನ್ನು ಇಟ್ಟುಕೊಂಡು ಎಡದ್ದನ್ನು ಕಸದ ಬುಟ್ಟಿಗೆ ಹಾಕಿದೆ. ಯಾಕೆ ಎಂದು ಆಗ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಈಗ ಗೊತ್ತು. ಚಿಕ್ಕಂದಿನಿಂದ ದೇವಸ್ಥಾನ ಸುತ್ತಿದ ಕಾಲು, ಆರತಿ ಎತ್ತಿದ ಕೈ, ಮಿಕ್ಸಿ ಬರುವ ಮುಂಚೆ ಒರಳಿನಲ್ಲಿ ಹಿಟ್ಟು ರುಬ್ಬಿದ ಕೈ — ತಿರುಗುವ ವಸ್ತು ಬಲಕ್ಕೇ ತಿರುಗಬೇಕು ಎಂದು ಅವು ತೀರ್ಮಾನ ಮಾಡಿಬಿಟ್ಟವು. ಪ್ರದಕ್ಷಿಣೆ. ಫ್ರಾನ್ಸಿನ ಯುದ್ಧವಿಮಾನದ ಎಂಜಿನ್ನಿಗೆ ನಾನು ಪ್ರದಕ್ಷಿಣೆ ಮಾಡಿಸಿದೆ.

ಮಹಾಂತಪ್ಪನವರಿಗೆ ಆ ಬಾಣ ಕಂಡಿರಲಿಲ್ಲವೆ? ಕಂಡಿತ್ತು. ಒಳಗಿನ ಬಳೆ ಹೊರಗಿನ ಎಂಜಿನ್ನಿಗೆ ಎದುರಾಗಿ ತಿರುಗಬಹುದು ಎಂದು ಅವರು ತಮಗೇ ಸಮಾಧಾನ ಹೇಳಿಕೊಂಡರು. ಲೈಬ್ರರಿಯಿಂದ ಬಂದ ಹಾಳೆಯನ್ನು ಅನುಮಾನಿಸುವುದಕ್ಕಿಂತ ತಮ್ಮ ಕೈಯನ್ನು ಅನುಮಾನಿಸುವುದು ಅವರಿಗೆ ಸುಲಭವಾಯಿತು. ಆ ಬಳೆಯನ್ನು ಮೂರು ಸಲ ಮಾಡಿದರು. ಒಂದೊಂದು ಸಲವೂ ನಕ್ಷೆಗೆ ಇನ್ನಷ್ಟು ಹತ್ತಿರ — ತಪ್ಪು ನಕ್ಷೆಗೆ. ಮೂರನೆಯದನ್ನು ಅರದಿಂದ ಉಜ್ಜುತ್ತಿದ್ದಾಗ ನಾನು ಪಕ್ಕದಲ್ಲಿ ಮಡಿಸುವ ಕುರ್ಚಿಯ ಮೇಲೆ ಕೂತು ಯಾವುದೋ ಕವಿತೆ ಓದುತ್ತಿದ್ದೆ. ಅವರು ತಲೆ ಎತ್ತದೆ ಹೇಳಿದರು — “ನಿಮ್ಮ ಪದ್ಯದಾಗ ಒಂದು ಮಾತ್ರಿ ಹೆಚ್ಚಾದ್ರ ಯಾರೂ ಸಾಯಂಗಿಲ್ಲ ಬಾಯಾರ. ಇಲ್ಲಿ ಹೆಚ್ಚಾದ್ರ ಎಂಜಿನ್ ಸಾಯ್ತೈತಿ.” ಅದನ್ನು ಕೊಂದವಳು ಪಕ್ಕದಲ್ಲೇ ಕೂತಿದ್ದಳು. ಇಬ್ಬರಿಗೂ ಗೊತ್ತಿರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ನಮ್ಮ ಅತ್ತಿಗೆ ಮಹಾದೇವಕ್ಕ ಊರಿನಿಂದ ಬಂದಿದ್ದರು. ಊರಿನಿಂದ ಬಂದವರನ್ನು ನಾವೆಲ್ಲ ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ? ವಾಷಿಂಗ್ಟನ್ನಿನ ವಿಮಾನ ಮ್ಯೂಸಿಯಮ್ಮಿಗೆ. ಆರೆಂಜ್ ಲೈನ್ ಮೆಟ್ರೋ ಹಿಡಿದು, ಪುಳಿಯೋಗರೆ ಕಟ್ಟಿಕೊಂಡು. ನಾನು ಅಲ್ಲಿಗೆ ಹೋದದ್ದು ಅದು ಹದಿನಾರನೆಯ ಸಲವೋ ಹದಿನೇಳನೆಯ ಸಲವೋ. ಏನನ್ನೂ ನೋಡುತ್ತಿರಲಿಲ್ಲ, ಬೆಂಚು ಹುಡುಕುತ್ತಿದ್ದೆ. ಆ ಜಾತಿಯದೇ ಒಂದು ಎಂಜಿನ್ನನ್ನು ಅಲ್ಲಿ ಹೋಳು ಮಾಡಿ, ಒಳಗೆಲ್ಲ ಕಾಣುವ ಹಾಗೆ, ಕರೆಂಟಿನಿಂದ ನಿಧಾನ ತಿರುಗಿಸುತ್ತಿದ್ದರು. ಮಹಾದೇವಕ್ಕ ಅದರ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು ಹೇಳಿದರು — “ಇದೇನೇ ಇದು, ಒಳಗೂ ಹೊರಗೂ ಎಲ್ಲಾ ಎಡಕ್ಕೇ ಸುತ್ತುತ್ತಿದೆ. ಅಪ್ರದಕ್ಷಿಣೆ.”

ಪುಳಿಯೋಗರೆಯ ಡಬ್ಬಿ ಕೈಯಲ್ಲಿತ್ತು. ಕಸದ ಬುಟ್ಟಿಗೆ ಹಾಕಿದ ಎಡದ ಬಾಣ ನೆನಪಾಯಿತು.

ಸೋಮವಾರ ಫಿಲ್ಮನ್ನು ಮತ್ತೆ ತರಿಸಲು ಬರೆದೆ. ಬಂತು. ಯಂತ್ರಕ್ಕೆ ಹಾಕಿ ನೋಡಿದೆ. ಅನುಮಾನವೇ ಉಳಿಯಲಿಲ್ಲ.

ಆಮೇಲೆ ಹನ್ನೊಂದು ದಿನ ನಾನು ಹೇಳಲಿಲ್ಲ. ಅಷ್ಟು ಹೊತ್ತಿಗೆ ಅವರ ಹೃದಯವೂ ದುರ್ಬಲವಾಗಿತ್ತು. ಅವರಿಗೆ ಆಘಾತವಾದೀತು, ಹಳೆಯ ಗಾಯ ಕೆದಕಿದಂತಾದೀತು — ಪುಸ್ತಕ ಓದುವವರಿಗೆ ಇಂಥ ಕಾರಣಗಳು ಬೇಗ ಸಿಗುತ್ತವೆ. ನಿಜವಾದ ಕಾರಣ, ನನಗೆ ಹೆದರಿಕೆ. ನನ್ನ ಯಜಮಾನರು ವೇಣುಗೋಪಾಲ್ ಹೆಚ್ಚು ಮಾತನಾಡುವವರಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಕಾರಿನ ಕೀ ತಂದು ಕಾಫಿ ಲೋಟದ ಪಕ್ಕ ಇಟ್ಟರು.

ಫೇರ್‌ಫ್ಯಾಕ್ಸಿನಿಂದ ಇಲ್ಲಿಗೆ ಬೆಲ್ಟ್‌ವೇಯಲ್ಲಿ ಬರುವಾಗ ಟ್ರಾಫಿಕ್ ಜಾಸ್ತಿ ಇರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ಅವರ ಅಡುಗೆಮನೆಯ ಮೇಜಿನ ಮೇಲೆ ಅವರ ಹತ್ತಿರವಿದ್ದ ಹಳೆಯ ಪ್ರಿಂಟನ್ನೂ ನಾನು ಹೊಸದಾಗಿ ತೆಗೆದದ್ದನ್ನೂ ಅಕ್ಕಪಕ್ಕ ಇಟ್ಟೆ. ನಡೆದದ್ದನ್ನು ಹೇಳಿದೆ. ನೀಲಗಂಗಾ ಒಲೆಯ ಮೇಲೆ ಚಹಾಕ್ಕೆ ಇಟ್ಟಿದ್ದರು. ಮಹಾಂತಪ್ಪನವರು ಎರಡನ್ನೂ ನೋಡಿದರು. ಹಳೆಯ ಹಾಳೆಯನ್ನು ಎತ್ತಿಕೊಂಡು ನಡುಮನೆಗೆ ಹೋಗಿ, ಗೋಡೆಯ ಕನ್ನಡಿಯ ಮುಂದೆ ಹಿಡಿದರು. ವಾಪಸ್ಸು ಬಂದರು. ನನ್ನನ್ನು ನೋಡಲಿಲ್ಲ. ಹೆಂಡತಿಗೆ ಹೇಳಿದರು.

“ಗಂಗಾ, ನನ್ನ ಕೈ ಸರಿ ಅದಾವ.”

ನೀಲಗಂಗಾ ಒಲೆ ಆರಿಸಿ ಕುರ್ಚಿಯಲ್ಲಿ ಕೂತರು.

ಆಮೇಲೆ ಅವರು ನನ್ನ ಕಡೆ ತಿರುಗಿದರು. “ನೀವು ಈಗ ಮನೀಗೆ ಹೋಗ್ರಿ ಬಾಯಾರ. ಇವತ್ತು ನಿಮಗ ಚಾ ಕುಡಸೂ ಮನಸ್ಸಿಲ್ಲ ನನಗ.”

ಹೋದೆ. ಅಷ್ಟಾದರೂ ಬೇಡವೆ? ಎರಡು ವರ್ಷ ಒಬ್ಬ ಮನುಷ್ಯ ತನ್ನ ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗಿದ್ದ. ಪ್ರೀತಿಯ ಕೆಲಸ ಬಿಟ್ಟಿದ್ದ. ಅದನ್ನು ನಾನು ವಾಪಸ್ಸು ಕೊಡಲಾರೆ. ಇವತ್ತಿನ ನಿರಾಳದಲ್ಲಿ ಅದು ಕರಗುವುದಿಲ್ಲ, ಕರಗಬಾರದು.

ಮರುದಿನ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. “ಸಿಟ್ಟು ಅರ್ಧ ಇಳದೈತ್ರಿ. ಉಳಿದದ್ದು ಎಂಜಿನ್ ಚಾಲೂ ಆದಮ್ಯಾಲೆ. ಸ್ಮಿತಾಗೂ ಫೋನ್ ಹಚ್ಚಿ ಹೇಳೀನಿ, ನೀ ಹೇಳಿದ್ದು ಖರೇ ಇತ್ತವಾ ಅಂತ.” ಆಮೇಲೆ, “ಮತ್ತ ಬಾಯಾರ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಮಂದಿ ನಿಮ್ಮನ್ನ ಆಡಿಕೊಳ್ತಾರ.”

ಅವರನ್ನು ಆಡಿಕೊಂಡಿದ್ದರು. ನನ್ನನ್ನು ಆಡಿಕೊಳ್ಳಬಾರದು.

ನಾಲ್ಕನೆಯ ಬಳೆಯನ್ನು ಅವರು ಐದು ವಾರದಲ್ಲಿ ಮಾಡಿದರು. ದಿನಕ್ಕೆ ಒಂದು ಗಂಟೆ. ಅದಕ್ಕಿಂತ ಹೆಚ್ಚು ನಿಲ್ಲುವ ಶಕ್ತಿ ಇರಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ — ಅರವನ್ನು ಹಿಡಿಯುವ ತನಕ ನಡುಗುತ್ತಿದ್ದ ಕೈ, ಅದು ಉಕ್ಕನ್ನು ಮುಟ್ಟಿದ ಕ್ಷಣ ನಿಲ್ಲುತ್ತಿತ್ತು. ಮಗಳು ಹೇಳಿದ ಹಾಗೆಯೇ.

ಡಿಸೆಂಬರಿನ ಒಂದು ಭಾನುವಾರ. ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದಿತ್ತು, ವಿಪರೀತ ಚಳಿ. ಎಂಜಿನ್ನನ್ನು ಬೆಂಚಿಗೆ ಬಿಗಿದಿದ್ದರು. ಸ್ಟಾಪ್‌ವಾಚನ್ನು ನನ್ನ ಕೈಗೆ ಕೊಟ್ಟರು. “ಟೈಮ್ ನೀವು ಹಿಡೀರಿ. ಈ ಸಲ ಬರೋಬ್ಬರಿ ನೋಡ್ರಿ ಮತ್ತ.” ಚರ್ಮದ ಗ್ಲೌಸ್ ಹಾಕಿಕೊಂಡು ಪ್ರೊಪೆಲರನ್ನು ಎಳೆದು ಬಿಟ್ಟರು. ಕೆಮ್ಮಿತು. ಇನ್ನೊಮ್ಮೆ — ಕೆಮ್ಮಿತು, ನಿಂತಿತು. ಮೂರನೆಯ ಸಲ —

ಆ ಸದ್ದನ್ನು ಹೇಗೆ ಹೇಳಲಿ? ಇಷ್ಟು ವರ್ಷ ಕವಿತೆ ಓದಿದವಳು, ನನ್ನ ಬಳಿ ಅದಕ್ಕೆ ಮಾತಿಲ್ಲ. ಒಂಬತ್ತು ಸಿಲಿಂಡರುಗಳು ಕರಗಿ ಒಂದು ಬೂದುಬಣ್ಣದ ಚಕ್ರವಾದವು. ಎಡಕ್ಕೆ ತಿರುಗಿತು. ಹರಳೆಣ್ಣೆ ಎಲ್ಲರ ಮೇಲೂ ಸಿಡಿಯಿತು — ನನ್ನ ಕನ್ನಡಕದ ಮೇಲೆ, ನೀಲಗಂಗಾ ಅವರ ಇಳಕಲ್ ಸೀರೆಯ ಮೇಲೆ. ಪೆಟ್ರೋಲು ಮುಗಿದು ಅದು ತಾನಾಗಿ ನಿಂತಾಗ ಮೊದಲು ಮಾತನಾಡಿದವರು ನೀಲಗಂಗಾ ಅವರೇ. “ಎಣ್ಣಿ ಸ್ನಾನ ಆತು. ಕೂಸೂ ಹುಟ್ಟಿತು.”

ಮಹಾಂತಪ್ಪನವರು ಗ್ಲೌಸ್ ತೆಗೆದರು. ಕೆಲಸ ಮುಗಿದಿದ್ದರಿಂದ ಕೈ ಮತ್ತೆ ನಡುಗತೊಡಗಿತು. ನಾನು ಅದನ್ನೇ ನೋಡುತ್ತಿದ್ದೆ. ಅವರು ಅದನ್ನು ಜೇಬಿಗೆ ಹಾಕಲಿಲ್ಲ. ಬೆಂಚಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಬಿಸಿ ಎಂಜಿನ್ನಿನ ಪಕ್ಕದಲ್ಲಿ ಇಟ್ಟು, ನಡುಗಲು ಬಿಟ್ಟರು. “ಎಷ್ಟಾತು?” ಎಂದು ಕೇಳಿದರು. ಹೇಳಿದೆ. “ಈಗ ಚಾ ಕುಡೀಬಹುದು ಬಾಯಾರ,” ಎಂದರು.

ಅದಾದ ಮೇಲೆ ಹತ್ತು ವಾರ ಬದುಕಿದ್ದರು. ಬಂದವರಿಗೆಲ್ಲ ಎಂಜಿನ್ ತೋರಿಸಿದರು. ನಕ್ಷೆಯ ಕಥೆಯನ್ನು ಯಾರಿಗೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ನೀಲಗಂಗಾ ಫೋನ್ ಮಾಡಿ, “ಅವರ ಕೈ ಬಗ್ಗೆ ಎಲ್ಲಾರೂ ಒಂದೊಂದು ಮಾತು ಆಡ್ಯಾರ. ನೀವು ಹೇಳ್ರಿ,” ಎಂದರು. ಹೇಳಿದ್ದೇನೆ. ಯಾರ ಮುಂದೂ ಹೇಳಬೇಡಿ ಎಂದ ಅವರ ಮಾತು ಮೀರಿದ್ದೇನೆ. ಮನೆಗೆ ಹೋದ ಮೇಲೆ ನಿಮ್ಮ ಮಕ್ಕಳಿಗೂ ದಯವಿಟ್ಟು ಹೇಳಿ — ಮಹಾಂತಪ್ಪನವರ ಕೈ ಕೊನೆಯವರೆಗೂ ಸರಿಯಿತ್ತು.

ಇನ್ನು ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ನಿಮಗೆ ಕೊಟ್ಟಿರುವ ಹಾಳೆಯಲ್ಲಿ ಒಂದು ನಿಮಿಷದ ಮೌನ ಎಂದು ಅಚ್ಚಾಗಿದೆ. ಅದನ್ನು ತಿದ್ದುತ್ತಿದ್ದೇನೆ. ಎಂಜಿನ್ ಓಡಿದ್ದು ನಲವತ್ತೇಳು ಸೆಕೆಂಡು. ನಾವೂ ಅಷ್ಟೇ ಹೊತ್ತು ನಿಲ್ಲೋಣ. ಸುಮಾರು ಎನ್ನುವ ಅಳತೆ ಅವರಿಗೆ ಹಿಡಿಸುತ್ತಿರಲಿಲ್ಲ. ಅದೇ ಸ್ಟಾಪ್‌ವಾಚ್ ನನ್ನ ಬಳಿ ಇದೆ. ಬರೋಬ್ಬರಿ ನೋಡುತ್ತೇನೆ.

ಯಾರದಾದರೂ ಕೈ ಜೇಬಿನಲ್ಲಿದ್ದರೆ — ಹೊರಗೆ ತೆಗೆಯಿರಿ.