ಮೋಹನ್ ನಡೆದ ಸುದ್ದಿ

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಮ್ಯಾನೇಜರ್ ಸಾಹೇಬರೇ, ಚೆನ್ನೈನಿಂದ ಬಂದಿರುವ ಮುಖ್ಯ ಅತಿಥಿಗಳೇ, ಹೆಗಲ ಮೇಲಿನ ಶಾಲು ಜಾರದಂತೆ ಹಿಡಿದುಕೊಂಡು ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕೂತಿರುವ ಇಂದಿನ ಸನ್ಮಾನಿತ ಕುಮಾರೇಶನೇ, ಕ್ಯಾಂಟೀನಿನಿಂದ ಸಾಂಬಾರಿನ ವಾಸನೆ ಬರುತ್ತಿದ್ದರೂ ಕುರ್ಚಿ ಬಿಟ್ಟೇಳದ ಸಭಿಕರೇ,

ನಾನು ಚನ್ನಕೇಶವ, ಗ್ರೈಂಡಿಂಗ್ ವಿಭಾಗ. ಕುಮಾರೇಶನದು ಪಕ್ಕದ ಮಿಷನ್ನು. ಕನ್ನಡದಲ್ಲೇ ಮಾತಾಡುತ್ತೇನೆ, ಸಾಹೇಬರು ಮನ್ನಿಸಬೇಕು. ಗಡಿಯೂರಿನ ಈ ಕಾರ್ಖಾನೆಯಲ್ಲಿ ನಾವು ತಮಿಳಿನಲ್ಲಿ ರಜೆ ಕೇಳುತ್ತೇವೆ, ತೆಲುಗಿನಲ್ಲಿ ಸಿನಿಮಾ ನೋಡುತ್ತೇವೆ, ಇಂಗ್ಲಿಷಿನಲ್ಲಿ ಬೈಸಿಕೊಳ್ಳುತ್ತೇವೆ. ಮನೆಯ ಮಾತು ಮಾತ್ರ ಕನ್ನಡ. ಇವತ್ತು ನಾನು ಆಡಬೇಕಾಗಿರುವುದು ಮನೆಯ ಮಾತು.

ಕುಮಾರೇಶ ಎಂಥ ಕೆಲಸಗಾರ ಅಂತ ನನಗಿಂತ ಮುಂಚೆ ಮಾತಾಡಿದವರೆಲ್ಲ ಹೇಳಿದರು. ಶ್ರೀಪೆರಂಬೂದೂರಿನ ಹೊಸ ಘಟಕಕ್ಕೆ ಅವನನ್ನೇ ಯಾಕೆ ಆರಿಸಿದರು ಅಂತಲೂ ಹೇಳಿದರು. ಅದನ್ನೇ ಮತ್ತೆ ಹೇಳಿದರೆ ಹಳಸಲು ಅನ್ನಕ್ಕೆ ಮತ್ತೆ ಒಗ್ಗರಣೆ ಕೊಟ್ಟ ಹಾಗಾಗುತ್ತದೆ. ನಾನು ಅವನ ಮೇಲೆ ಒಂದು ದೂರು ಹೇಳುತ್ತೇನೆ. ಬೀಳ್ಕೊಡುಗೆಯಲ್ಲಿ ದೂರು ಹೇಳಬಹುದೇ? ಇವತ್ತು ಹೇಳದಿದ್ದರೆ ಇನ್ನು ಯಾವತ್ತು ಹೇಳುವುದು?

ನಾನು ಚಿಕ್ಕಬಳ್ಳಾಪುರದ ಕಡೆಯವನು. ಇವನು ಬಾಗಲೂರಿನವನು. ಇಬ್ಬರೂ ಅವಲಪಲ್ಲಿಯಲ್ಲಿ ಮುನಿವೆಂಕಟಪ್ಪನವರ ವಠಾರದಲ್ಲಿ ಬಾಡಿಗೆಗಿದ್ದೇವೆ. ಎರಡು ಸಾವಿರದ ಎರಡರಲ್ಲಿ ಇವನಿಗೆ ಮೋಹನ್ ಹುಟ್ಟಿದ. ಅದೇ ತಿಂಗಳಲ್ಲಿ ನನಗೆ ಹರ್ಷಿತಾ ಹುಟ್ಟಿದಳು. ಆಮೇಲೆ ನಮ್ಮ ವಿಭಾಗದ ಟೀ ವಿರಾಮ ಹೇಗಾಯಿತು ಅಂತ ಹಳಬರಿಗೆ ನೆನಪಿರಬೇಕು. ಕೈತುಂಬ ಗ್ರೀಸು ಮೆತ್ತಿಕೊಂಡ ಗಂಡಸರು ನಾವು, ಮಾತಾಡುತ್ತಿದ್ದದ್ದು ಕೂಸಿನ ಕಕ್ಕದ ಬಣ್ಣದ ಬಗ್ಗೆ! ಮೋಹನ್ ನಕ್ಕ, ಹರ್ಷಿತಾನೂ ನಕ್ಕಳು. ಮೋಹನ್ ದೀಪದ ಕಡೆ ನೋಡಿದ, ಇವಳೂ ನೋಡಿದಳು. ಮೋಹನ್‌ನ ಕತ್ತು ನಿಂತಿತು. ಇವಳದು ನಿಲ್ಲಲಿಲ್ಲ.

ನಿಲ್ಲುತ್ತದೆ, ನಾಳೆ ನಿಲ್ಲುತ್ತದೆ ಅಂದುಕೊಂಡೆವು. ಅಷ್ಟರಲ್ಲಿ ಮೋಹನ್ ಬೋರಲು ಬಿದ್ದ. ಕುಮಾರೇಶನ ತಾಯಿ ರಾಮಲಕ್ಷ್ಮಮ್ಮನವರು ವಠಾರಕ್ಕೆಲ್ಲ ಒಬ್ಬಟ್ಟು ಹಂಚಿದರು. ನಾನು ನಾಲ್ಕು ತಿಂದೆ. ಆಮೇಲೆ ಬೆಂಗಳೂರಿನ ಡಾಕ್ಟರು ಹೇಳಿದರು: ಇವಳ ಸ್ನಾಯುಗಳಲ್ಲಿ ಬಲ ಕಡಿಮೆ, ಎಲ್ಲವೂ ತಡವಾಗಿ ಬರುತ್ತದೆ, ಎಷ್ಟು ಬರುತ್ತದೆ ಅಂತ ಈಗಲೇ ಹೇಳಲಾಗುವುದಿಲ್ಲ, ದಿನಾ ವ್ಯಾಯಾಮ ಮಾಡಿಸಿ. ಸರಿ ಅಂತ ಬಂದೆವು. ಬೆಳಗಿನ ಪಾಳಿಗೆ ಹೊರಡುವ ಮುಂಚೆ ನಾನು ಅವಳ ಕೈಕಾಲು ಆಡಿಸುತ್ತಿದ್ದೆ, ಸಂಜೆ ನನ್ನ ಹೆಂಡತಿ ಸಹನಾ ಆಡಿಸುತ್ತಿದ್ದಳು.

ಈಗ ದೂರಿಗೆ ಬರುತ್ತೇನೆ. ಇವರ ಮನೆಯಲ್ಲಿ ಒಂದು ಪದ್ಧತಿಯಿದೆ. ಮಗು ಮೊದಲ ಹೆಜ್ಜೆ ಇಟ್ಟರೆ ಕಜ್ಜಾಯ ಮಾಡುತ್ತಾರೆ. ಕಜ್ಜಾಯವನ್ನು ನೆಲದ ಮೇಲೆ ಸಾಲಾಗಿ ಇಟ್ಟು ಅದರ ಮೇಲೆ ಮಗುವನ್ನು ನಡೆಸಿ, ಬೀದಿಗೆಲ್ಲ ಹಂಚುತ್ತಾರೆ. ಮೋಹನ್‌ಗೆ ವರ್ಷ ತುಂಬಿ ಎಷ್ಟೋ ದಿನವಾದರೂ ಕಜ್ಜಾಯ ಬರಲಿಲ್ಲ. ಯಾವಾಗ ನೋಡಿದರೂ ಹುಡುಗ ತಾಯಿಯ ಸೊಂಟದ ಮೇಲೆ. ಟೀ ಹೊತ್ತಿನಲ್ಲಿ "ಮೋಹನ್ ಹೆಂಗವ್ನಲಾ?" ಅಂದರೆ "ಅವ್ನೆ ಕಣ್ಲಾ" ಅಂತ ಹೇಳಿ ಕ್ರಿಕೆಟ್ ಮಾತು ತೆಗೆಯುತ್ತಿದ್ದ.

ನಾನು ಏನಂದುಕೊಂಡೆ ಹೇಳಿ? ಪಾಪ, ಇವನ ಮಗನಿಗೂ ನಮ್ಮ ಹುಡುಗಿಯ ಹಾಗೇ ಆಗಿದೆ ಅಂದುಕೊಂಡೆ. ಸಹನಾಗೆ ಹೇಳಿದೆ, ಅವಳು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ನಮ್ಮ ಡಾಕ್ಟರ ವಿಳಾಸವನ್ನು ಇವನಿಗೆ ಕೊಟ್ಟೆ. ಕಾಲಿಗೆ ತಿಕ್ಕುವ ಎಣ್ಣೆಯನ್ನೂ ಒಂದು ಸೀಸೆ ತಂದುಕೊಟ್ಟೆ. ಈ ಮಹಾನುಭಾವ ಎರಡೂ ಕೈ ಚಾಚಿ ಇಸಕೊಂಡ! "ತಿಕ್ಕಿಸ್ತೀನಿ ಕಣ್ಲಾ" ಅಂದ. ನಗಬೇಡಿ. ಆ ದಿನಗಳಲ್ಲಿ ನನಗೆ ಊಟ ಸೇರುತ್ತಿತ್ತು. ನಿದ್ದೆ ಬರುತ್ತಿತ್ತು. ಒಬ್ಬನೇ ಅಲ್ಲವಲ್ಲ, ಜೊತೆಗೆ ಒಬ್ಬನಿದ್ದಾನೆ ಅಂತ. ಇದನ್ನು ಹೇಳಬೇಕು ಅಂತ ಬಂದಿರಲಿಲ್ಲ, ಬಾಯಿಗೆ ಬಂತು, ಹೇಳಿದೆ.

ಒಂದು ದಿನ ಕರೆಂಟು ಕೈಕೊಟ್ಟು ನಮ್ಮನ್ನು ಮಧ್ಯಾಹ್ನವೇ ಮನೆಗೆ ಬಿಟ್ಟರು. ವಠಾರದ ಗೇಟು ತಳ್ಳುತ್ತೇನೆ, ಅಂಗಳದಲ್ಲಿ ಮೋಹನ್ ಮುನಿವೆಂಕಟಪ್ಪನವರ ಕೋಳಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೆ! ನಡೆಯುವುದಲ್ಲ ಸ್ವಾಮಿ, ಓಡುತ್ತಿದ್ದಾನೆ. ನನ್ನನ್ನು ಕಂಡ ಕೂಡಲೇ ಕುಮಾರೇಶನ ಹೆಂಡತಿ ಶಶಿಕಲಾ ಓಡಿ ಬಂದು ಹುಡುಗನನ್ನು ಬಾಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಹುಡುಗ ಕಿರುಚುವುದು ಕೇಳಿಸುತ್ತಿತ್ತು. ಅವನೇನು ಕಳ್ಳತನ ಮಾಡಿದ್ದನೇ? ಓಡಿದ್ದ, ಅಷ್ಟೇ.

ಸಹನಾಳನ್ನು ಕೇಳಿದೆ. ಅವಳಿಗೆ ಗೊತ್ತಿತ್ತು. ವಠಾರಕ್ಕೇ ಗೊತ್ತಿತ್ತು. "ನಿಮ್ಗೆ ಹೇಳುದ್ರೆ ಮತ್ತೆ ಊಟ ಬಿಡ್ತಿದ್ರಿ, ಅದಕ್ಕೆ ಸುಮ್ನಿದ್ದೆ" ಅಂದಳು. ಹರ್ಷಿತಾಳನ್ನು ಎಲ್ಲರೂ ಜೋಪಾನ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ, ಅವರು ಜೋಪಾನ ಮಾಡುತ್ತಿದ್ದದ್ದು ನನ್ನನ್ನು.

ಸಂಜೆ ಕುಮಾರೇಶನ ಮನೆ ಬಾಗಿಲಲ್ಲಿ ನಿಂತು ಕೂಗಾಡಿದೆ. ಇವನು ಹೇಳಿದ: "ನಿನ್ ಎದ್ರಿಗೆ ಹೆಂಗ್ಲಾ ಓಡಿಸ್ಲಿ ಅವುನ್ನ? ಅವ್ವ ಅಕ್ಕಿ ನೆನೆಹಾಕಿದ್ಲು, ನಾನೇ ಬ್ಯಾಡ ಅಂದೆ. ನಿನ್ ಮಕ ನೋಡ್ಕಂಡು ಆ ಕಜ್ಜಾಯ ಗಂಟ್ಲಲ್ಲಿ ಇಳೀತದಾ?"

ನಾನೂ ಬಿಡಲಿಲ್ಲ. "ಪಕ್ಕದ ಮನೇಲಿ ಸಾವಾದ್ರೆ ಸಿಹಿ ಮಾಡಲ್ಲ, ಎಣ್ಣೆ ಬಾಣಲೆ ಇಡಲ್ಲ. ನಮ್ಮನೇಲಿ ಯಾರ್ಲಾ ಸತ್ತವ್ರೆ? ನನ್ ಮಗ್ಳು ಬದುಕವ್ಳೆ ಕಣ್ಲಾ! ನಮ್ದೇನು ಸೂತಕದ ಮನೇನಾ?" ಅಂದೆ.

ನನಗೆ ಅಳು ಬಂತು, ಮನೆಗೆ ಹೋದೆ. ಆಮೇಲೆ ಪಕ್ಕಪಕ್ಕದ ಮಿಷನ್ನಿನಲ್ಲಿ ನಿಂತು ನಾವಿಬ್ಬರೂ ಮಾತಿಲ್ಲದೆ ಕೆಲಸ ಮಾಡಿದೆವು. ಆ ವಾರ ಉತ್ಪಾದನೆ ಹೆಚ್ಚಾಗಿತ್ತು ಅಂತ ಸಾಹೇಬರು ಹೊಗಳಿದ್ದರು.

ಮುರಿದದ್ದನ್ನು ಕೂಡಿಸಿದವರು ರಾಮಲಕ್ಷ್ಮಮ್ಮನವರು. ಮಗನನ್ನು ಒಂದು ಮಾತೂ ಕೇಳದೆ ಅಕ್ಕಿ ನೆನೆಹಾಕಿ, ಕುಟ್ಟಿಸಿ, ಬೆಲ್ಲದ ಪಾಕ ಹಿಡಿದು, ಭಾನುವಾರ ಅಂಗಳದಲ್ಲೇ ಕಜ್ಜಾಯ ಬೇಯಿಸಿದರು. ಮೋಹನ್ ಹೆಜ್ಜೆ ಇಡುವುದೆಲ್ಲಿ ಬಂತು, ಎಲ್ಲವನ್ನೂ ತುಳಿದು ಪುಡಿ ಮಾಡಿ ಓಡಿದ. ನಾನು ನೋಡಿದೆ. ಸುಳ್ಳು ಹೇಳುವುದಿಲ್ಲ, ಎದೆಯಲ್ಲಿ ಚುಚ್ಚಿದ ಹಾಗಾಯಿತು. ಆದರೆ ಅವನು ಕಜ್ಜಾಯದ ಮೇಲೆ ಕುಣಿದ ರೀತಿಗೆ ನಗುವೂ ಬಂತು. ಎರಡೂ ಒಟ್ಟಿಗೇ ಬರುತ್ತವೆ, ಬರಲಿ.

ಆ ಅಜ್ಜಿ ತಟ್ಟೆ ಹಿಡಿದು ನಮ್ಮ ಮನೆಗೆ ಬಂದು ಹರ್ಷಿತಾಳನ್ನು ಎತ್ತಿಕೊಂಡರು. "ಈ ಕೂಸಿಗೆ ಕತ್ತು ನಿಂತೈತಲ್ಲಪ್ಪ, ಅದಕ್ಕೆ ಏನ್ ಸಿಹಿ ಮಾಡುದ್ರಿ?" ಅಂದರು. ಅಷ್ಟು ಹೊತ್ತಿಗೆ ಕತ್ತು ನಿಂತಿತ್ತು. ನಿಂತು ತಿಂಗಳಾಗಿತ್ತು. ನಾವು ಯಾರಿಗೂ ಹೇಳಿರಲಿಲ್ಲ. ಇಷ್ಟು ದೊಡ್ಡ ಮಗುವಿಗೆ ಕತ್ತು ನಿಂತಿತು ಅಂತ ಹೇಳಿಕೊಳ್ಳುವುದು ಹೇಗೆ ಅಂತ ಸುಮ್ಮನಿದ್ದೆವು. ನೋಡಿ, ಬಚ್ಚಿಡುವ ರೋಗ ನನಗೂ ಇತ್ತು.

ಮಾರನೆಯ ದಿನ ಸಹನಾ ಪಾಯಸ ಮಾಡಿದಳು. ಅಲ್ಲಿಂದ ಮುಂದೆ ಬೋರಲು ಬಿದ್ದರೂ ಸಿಹಿ, ಆನಿಕೊಂಡು ಕೂತರೂ ಸಿಹಿ, ಆನಿಕೊಳ್ಳದೆ ಕೂತರೂ ಸಿಹಿ. ಬೇರೆ ಮಕ್ಕಳು ಒಂದೇ ಉಸಿರಿಗೆ ಮುಗಿಸುವುದನ್ನು ನನ್ನ ಮಗಳು ನಿಧಾನವಾಗಿ, ಒಂದೊಂದಾಗಿ ಮಾಡುತ್ತಾಳೆ. ನಮಗೆ ಎಲ್ಲವೂ ಕಾಣಿಸುತ್ತದೆ. ಸಕ್ಕರೆ ಕಾಯಿಲೆಯ ಮುನಿವೆಂಕಟಪ್ಪನವರು ಮಾತ್ರ "ಮನೆ ಖಾಲಿ ಮಾಡಿ" ಅಂತ ತಮಾಷೆಗೆ ಹೇಳುತ್ತಿರುತ್ತಾರೆ. ಈಗ ಅವಳಿಗೆ ಐದು ವರ್ಷ. ಮಂಚ ಹಿಡಿದು ನಿಲ್ಲುತ್ತಾಳೆ. ಕೈ ಬಿಟ್ಟರೆ ಬೀಳುತ್ತಾಳೆ, ಬಿದ್ದರೆ ಮೂರು ಭಾಷೆಯಲ್ಲಿ ಬೈಯುತ್ತಾಳೆ.

ಅಗೋ, ಮೋಹನ್ ಕುರ್ಚಿಗಳ ನಡುವೆ ಓಡಾಡುತ್ತಿದ್ದಾನೆ. ಶಶಿಕಲಾ, ಹಿಡಿಯಬೇಡಮ್ಮ, ಓಡಲಿ.

ಕುಮಾರೇಶ, ದೂರು ಹಳೆಯದಲ್ಲ. ಹೋದ ತಿಂಗಳು ಶಾಲೆಯ ಓಟದಲ್ಲಿ ಮೋಹನ್‌ಗೆ ಮೊದಲ ಬಹುಮಾನ ಬಂತಂತೆ. ನನಗೆ ಹೇಳಿದ್ದು ಯಾರು? ನೀನಲ್ಲ, ಮೋಹನ್. ಪಕ್ಕದ ಮನೆಯಲ್ಲಿದ್ದಾಗಲೇ ಹೀಗಾದರೆ, ಶ್ರೀಪೆರಂಬೂದೂರಿಗೆ ಹೋದ ಮೇಲೆ ನೀನು ಏನು ಹೇಳುತ್ತೀಯ? "ಅವ್ನೆ ಕಣ್ಲಾ" ಅಂತ ಫೋನ್ ಇಟ್ಟುಬಿಡುತ್ತೀಯ. ಅದಕ್ಕೇ ಇಷ್ಟು ಜನರ ಮುಂದೆ ಕೇಳುತ್ತಿದ್ದೇನೆ. ಅವನು ಸೈಕಲ್ ಕಲಿತರೆ ಹೇಳು. ಈಜು ಕಲಿತರೆ ಹೇಳು. ಗೋಡೆ ಹಾರಿ ಕೈ ಮುರಿದುಕೊಂಡರೂ ಹೇಳು. ನಮ್ಮ ಕಡೆಯಿಂದ ಸುದ್ದಿ ತಡವಾಗಿ ಬರುತ್ತದೆ. ಕೆಲವು ಸುದ್ದಿ ಬಾರದೇ ಇರಬಹುದು. ಹಾಗಂತ ನೀನು ನಿನ್ನ ಸುದ್ದಿ ನಿಲ್ಲಿಸಬೇಡ ಕಣ್ಲಾ.

ಎರಡು ಮನೆಯ ಮಾತನ್ನು ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.